ಬಲಗೈ ನುಡಿಸಿದ್ದು

ಮುನ್ನೂರು ವರ್ಷಗಳ ಹಿಂದಿನ ಮಾತು. ಪಡುವಣ ದೇಶದ ಒಂದು ನದಿಯ ದಡದಲ್ಲಿ ಹಳೆಯ ಚರ್ಚೊಂದಿತ್ತು. ಅಲ್ಲಿ ಆರ್ಗನ್ ನುಡಿಸುತ್ತಿದ್ದ ಟೋಬಿಯಾಸ್ ಗುರುಗಳು ಪ್ರತಿ ಭಾನುವಾರಕ್ಕೂ ಹೊಸ ಸಂಗೀತ ಕಟ್ಟುತ್ತಿದ್ದರು.

ಆ ಕಾಲದ ಪದ್ಧತಿಯೇ ಬೇರೆ. ಕಾಗದದ ಮೇಲೆ ಎಡಗೈಯ ಮಂದ್ರ ಸ್ವರಗಳನ್ನಷ್ಟೇ ಬರೆದು, ಜೊತೆಗೆ ಯಾವ ಸ್ವರ ಸೇರಬೇಕೆಂಬ ಸುಳಿವಿಗೆ ಅವುಗಳ ನೆತ್ತಿಯ ಮೇಲೆ ಒಂದೆರಡು ಅಂಕಿ ಹಾಕುವುದು. ಬಲಗೈಯ ಪಾಲು ನುಡಿಸುವವನ ಮನೋಧರ್ಮಕ್ಕೆ ಬಿಟ್ಟದ್ದು.

ಶಿಷ್ಯ ಅನ್ಸೆಲ್ಮ್ ಇಪ್ಪತ್ತು ವರ್ಷ ಗುರುಗಳ ಪಕ್ಕದಲ್ಲೇ ಕೂತು ಅದನ್ನೆಲ್ಲ ಪ್ರತಿ ಮಾಡಿದ್ದ. ಮುತ್ತು ಪೋಣಿಸಿದಂಥ ಬರಹ, ಎಲ್ಲೂ ಒಂದು ಚಿತ್ತಿಲ್ಲ. ಸುಳ್ಳೇಕೆ, ಅವನಿಗೆ ಒಳಗೊಳಗೇ ಜಂಬವೂ ಇತ್ತು.

ಒಂದು ಚಳಿಗಾಲ ಪಾರ್ಶ್ವವಾಯು ಬಡಿದು ಗುರುಗಳ ಬಲಗೈ ಬಿದ್ದುಹೋಯಿತು.

ವಸಂತದಲ್ಲಿ ಅವರು ಶಿಷ್ಯನ ಹೆಗಲು ಹಿಡಿದು ಆರ್ಗನ್ನಿನ ಬಳಿಗೆ ಬಂದರು. ತಮ್ಮ ಮಡದಿ ತೀರಿಕೊಂಡ ವಾರ ಅವರು ಕಟ್ಟಿದ ಸಂಗೀತವೊಂದಿತ್ತು. ಸಾಯುವ ಮುಂಚೆ ಅದನ್ನೊಮ್ಮೆ ಕೇಳಬೇಕು ಎಂದರು.

ಅನ್ಸೆಲ್ಮ್ ಪೆಟ್ಟಿಗೆಯಿಂದ ಹಾಳೆ ತೆಗೆದು ನುಡಿಸಿದ. ಅಂಕಿಗಳು ಕೇಳಿದ ಸ್ವರ ಒಂದೂ ತಪ್ಪಲಿಲ್ಲ.

"ತಪ್ಪೇನಿಲ್ಲ," ಅಂದರು ಗುರುಗಳು. "ಈಗ ಅವತ್ತು ನಾನು ನುಡಿಸಿದ್ದನ್ನು ನುಡಿಸು."

ಅವನು ಮತ್ತೆ ಶುರುಮಾಡಿದ. ನಾಲ್ಕನೆಯ ಸ್ವರಕ್ಕೆ ಬಲಗೈ ನಿಂತಿತು. ಇನ್ನೊಮ್ಮೆ ನುಡಿಸಿ ನೋಡಿದ, ಅಲ್ಲೇ ನಿಂತಿತು. ಸಾವಿರ ಭಾನುವಾರ ಕಳೆದಿದ್ದವು, ಒಂದರ ಬಲಗೈಯೂ ನೆನಪಿರಲಿಲ್ಲ.

ಒಂದು ಸಾಲು ಹಾಡಿ ತೋರಿಸಿ ಎಂದು ಗುರುಗಳನ್ನೇ ಬೇಡಿಕೊಂಡ.

"ನನ್ನ ನೆನಪೆಲ್ಲ ಈ ಕೈಯಲ್ಲಿತ್ತು ಕಣಯ್ಯಾ," ಎಂದು ಅವರು ಮಡಿಲಲ್ಲಿ ಸುಮ್ಮನೆ ಬಿದ್ದಿದ್ದ ಬಲಗೈ ನೋಡಿಕೊಂಡರು. "ನೀನು ಪಕ್ಕದಲ್ಲೇ ಇದ್ದೆಯಲ್ಲ."

"ಇದ್ದೆ. ಆದರೆ ನೀವು ನುಡಿಸುವಾಗ ನನ್ನ ಧ್ಯಾನವೆಲ್ಲ ಹಾಳೆಯ ಮೇಲೆ. ಶಾಯಿ ಎಲ್ಲಿ ಹರಡುತ್ತೋ ಅನ್ನೋ ಚಿಂತೆ. ನಾನು ಕೇಳಿಸಿಕೊಳ್ಳಲೇ ಇಲ್ಲ, ಗುರುಗಳೇ." ಅವನು ಅತ್ತುಬಿಟ್ಟ.

ಗುರುಗಳು ಬೈಯಲಿಲ್ಲ. ಅವನ ಪಕ್ಕಕ್ಕೆ ಸರಿದು ಕೂತು, ಎಡಗೈಯಿಂದ ಮಂದ್ರದ ಸಾಲನ್ನಷ್ಟೇ ಕೊನೆಯವರೆಗೂ ನುಡಿಸಿದರು. ಅದರ ಮೇಲೆ ಬಲಗೈಯ ಸ್ವರ ಒಂದೂ ಇರಲಿಲ್ಲ.

ಆಮೇಲೆ ಹಾಳೆಯನ್ನು ಮಡಚಿ ಅವನ ಕೈಗಿಟ್ಟರು.

"ನಿನ್ನೊಬ್ಬನದೇ ತಪ್ಪಲ್ಲ ಬಿಡು. ಪಕ್ಕದಲ್ಲಿ ಕೂತಿದ್ದಾನೆ, ಕೇಳಿಸಿಕೊಳ್ಳುತ್ತಿದ್ದಾನೆ ಅಂದುಕೊಂಡೇ ನಾನು ಬಲಗೈಯದನ್ನು ಬರೆಯಲಿಲ್ಲ."