ಗೋಡೆಗೆ ತಂದ ಇಟ್ಟಿಗೆ

ಪಿಳ್ಳಮ್ಮನಿಗೆ ಇಬ್ಬರು ತಮ್ಮಂದಿರು. ದ್ಯಾವಪ್ಪ ದೊಡ್ಡವನು, ಚೌಡಪ್ಪ ಚಿಕ್ಕವನು. ಅಪ್ಪ ಅಮ್ಮ ಹೋದ ಮೇಲೆ ಇಬ್ಬರನ್ನೂ ಸಾಕಿ ದೊಡ್ಡವರನ್ನಾಗಿ ಮಾಡಿದವಳು ಅವಳೇ. ಮೂವರೂ ಮೊದಲು ರೇಷ್ಮೆ ಹುಳು ಸಾಕುತ್ತಿದ್ದರು. ಆಮೇಲೆ ಅದೇ ಹುಳುಮನೆಗೆ ತಂಪು ಯಂತ್ರ ಕೂರಿಸಿ ಅಣಬೆ ಬೆಳೆಯತೊಡಗಿದರು. ಬಿಳಿಯ, ಗುಂಡಗಿನ ಬಟನ್ ಅಣಬೆ.

ಕೆಲಸ ಹಂಚಿಕೊಂಡಿದ್ದರು. ಬೀಜ ತಂದು ಗೊಬ್ಬರಕ್ಕೆ ಬೆರೆಸಿ, ರೋಗ ಸಾಯಲೆಂದು ಬೇಯಿಸಿದ ಮಣ್ಣನ್ನು ಅದರ ಮೇಲೆ ಹರಡುವುದು ದ್ಯಾವಪ್ಪನ ಪಾಲು. ನೀರು ಚೌಡಪ್ಪನದು. ಕೀಳುವುದು ಪಿಳ್ಳಮ್ಮನದು. ಅವಳಷ್ಟು ಚುರುಕಾಗಿ ಅಣಬೆ ಕೀಳುವವರು ಆ ಸೀಮೆಯಲ್ಲೇ ಇರಲಿಲ್ಲ. ಅದು ಅವಳಿಗೂ ಗೊತ್ತಿತ್ತು.

ಮನೆಯೊಳಗೆ ಮೂರು ಸಾಲು. ಪ್ರತಿ ಸಾಲಿನಲ್ಲೂ ಒಂದರ ಮೇಲೊಂದು ಅಟ್ಟ. ಮೊದಲ ಸಾಲಿನಲ್ಲಿ ಆಗತಾನೆ ತಲೆ ಎತ್ತುವ ಮೊಗ್ಗು. ಎರಡನೆಯದರಲ್ಲಿ ಅರ್ಧ ಬೆಳೆದ ಅಣಬೆ. ಮೂರನೆಯದು ಕೊಯ್ಲಿಗೆ ಬಂದದ್ದು. ಹೀಗೆ ಹಿಂದೆ ಮುಂದೆ ಹಾಕಿದರೆ ದಿನವೂ ಮಾಲು ಸಿಗುತ್ತದೆ. ಆ ಸಲ ಬೆಳೆಯ ಆರಂಭದಲ್ಲೇ ಎತ್ತರದ ಸ್ಟೂಲಿನ ಕಾಲು ಮುರಿಯಿತು. ಅದನ್ನು ಸರಿಮಾಡಿಸುವವರು ಯಾರು ಎಂದು ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು. ಯಾರೂ ಮಾಡಿಸಲಿಲ್ಲ. ಮೇಲ್ತುದಿಯ ಅಟ್ಟಗಳು ಪಿಳ್ಳಮ್ಮನ ಕೈಗೆ ಎಟುಕದೆ ಹಾಗೇ ಉಳಿದವು.

ಅಷ್ಟರಲ್ಲಿ ಕೇಡು ಕಾಣಿಸಿಕೊಂಡಿತು.

ಮೊದಲ ಸಾಲಿನಲ್ಲಿ ಮೊಗ್ಗುಗಳು ಅಣಬೆಯಾಗಲೇ ಇಲ್ಲ. ಕೊಡೆಯಿಲ್ಲ, ಕಾಂಡವಿಲ್ಲ, ಬರೀ ಗಂಟು. ಗಂಟಿನ ಮೇಲೆ ಬೂದು ಬಣ್ಣದ ನವಿರು ಬೂಷ್ಟು. ಎರಡನೇ ಸಾಲಿನಲ್ಲಿ ಕಾಂಡ ಊದಿಕೊಂಡು, ಸೀಳಿ, ಸಿಪ್ಪೆ ಸುಲಿಯತೊಡಗಿತು. ಕೊಡೆ ಒಂದು ಬದಿಗೆ ವಾಲಿತು. ಮೂರನೇ ಸಾಲಿನಲ್ಲಿ ಅಣಬೆ ನೋಡಲು ಸರಿಯಾಗಿತ್ತು. ಬಿಳಿ ಕೊಡೆಯ ಮೇಲೆ ಕಂದು ಚುಕ್ಕೆ ಮಾತ್ರ. ಪೇಟೆಯವನು ಬುಟ್ಟಿಗಟ್ಟಲೆ ವಾಪಸು ಕಳಿಸಿದ.

"ಬೀಜಾನೇ ಕೆಟ್ಟದ್ದು," ಎಂದಳು ಪಿಳ್ಳಮ್ಮ. "ಗಂಟು ಹುಟ್ತಾ ಇದೆಯಲ್ಲೋ ದ್ಯಾವ! ಕಣ್ಣು ಬಿಟ್ಟುಕೊಂಡು ತಂದೆಯಾ, ಮುಚ್ಚಿಕೊಂಡು ತಂದೆಯಾ?"

ದ್ಯಾವಪ್ಪ ಚೌಡಪ್ಪನ ಕಡೆ ತಿರುಗಿದ. "ಕಾಂಡ ಸೀಳಿದ್ದು ನೀರಿಲ್ಲದೆ. ಇವನು ನೀರು ಹಾಕೋದು ನೋಡಿದ್ದೀಯ? ಪೂಜೆಗೆ ತೀರ್ಥ ಚಿಮುಕಿಸಿದ ಹಾಗೆ!"

"ಚುಕ್ಕೆ ಯಾರದ್ದು ಹಾಗಾದರೆ?" ಎಂದ ಚೌಡಪ್ಪ. "ಅಕ್ಕನ ಉಗುರಿನದ್ದು. ಕೋಳಿ ಕೆದಕಿದ ಹಾಗೆ ಕೀಳ್ತಾಳೆ."

ಮೂವರಿಗೂ ಸಿಟ್ಟು. ಮೂವರೂ ತಮಗೆ ತೋಚಿದ್ದನ್ನು ಮಾಡಿದರು. ದ್ಯಾವಪ್ಪ ಬೀಜ ಕೊಡುವವನ ಜೊತೆ ಜಗಳಕ್ಕೆ ಹೋದ. ಅವನು ಗಂಟುಗಳ ವಿಷಯ ಕೇಳಿ, "ಮೊದಲು ಒದ್ದೆ ಕಾಗದ ಮುಚ್ಚಿ, ಆಮೇಲೆ ತೆಗೆದು ಉಪ್ಪು ಹಾಕಿ. ಬರಿಗೈಲಿ ಮುಟ್ಟಬೇಡಿ," ಎಂದು ಹೇಳಿ ಕಳಿಸಿದ. ದ್ಯಾವಪ್ಪ ಬಂದು ಅದನ್ನು ಹೇಳಿದಾಗ ಪಿಳ್ಳಮ್ಮ ನಕ್ಕಳು. "ನನಗೇ ಪಾಠವಾ? ಹುಳು ಸಾಕಿ ಬೆಳೆದವಳು ನಾನು." ಕಾಯಿಲೆ ಹುಳು ಕಂಡರೆ ಆ ಕ್ಷಣವೇ ಆರಿಸಿ ತೆಗೆಯಬೇಕು ಎಂದು ಅಪ್ಪ ಕಲಿಸಿದ್ದ. ಅದೇ ರೂಢಿ. ಗಂಟು ಕಂಡಲ್ಲಿ ಪಟಪಟನೆ ಕಿತ್ತು ಮಡಿಲಿಗೆ ಹಾಕಿಕೊಂಡಳು. ಅದೇ ಕೈಯಲ್ಲಿ ಮುಂದಿನ ಅಣಬೆ ಕಿತ್ತಳು. ಚೌಡಪ್ಪ ಹಟಕ್ಕೆ ಬಿದ್ದು ಪೈಪು ಜೋರಾಗಿ ಬಿಟ್ಟ.

ಕೇಡು ಹೆಚ್ಚಿತು.

ಕೊನೆಗೆ ಚೌಡಪ್ಪನೇ ಮಾತು ಎತ್ತಿದ. "ಅಡ್ಡಗೋಡೆ ಹಾಕಿಬಿಡೋಣ. ಅವರವರ ಸಾಲು ಅವರವರಿಗೆ. ಯಾರ ಪಾಪ ಯಾರೂ ಹೊರೋದು ಬೇಡ."

"ಆಗಲಿ," ಎಂದ ದ್ಯಾವಪ್ಪ. ಇಟ್ಟಿಗೆ ಬಂದು ಬಾಗಿಲ ಮುಂದೆ ಬಿತ್ತು.

ಪಿಳ್ಳಮ್ಮನಿಗೆ ಗೊತ್ತಿತ್ತು. ಹುಳುಮನೆಯಲ್ಲಿ ಎದ್ದ ಗೋಡೆ ಅಲ್ಲಿಗೇ ನಿಲ್ಲುವುದಿಲ್ಲ. ನಾಳೆ ಅಡುಗೆಮನೆಗೂ ಬರುತ್ತದೆ. ಒಂದೇ ತಟ್ಟೆಯಲ್ಲಿ ಕಲಸಿ ಇಬ್ಬರಿಗೂ ತುತ್ತು ಕೊಟ್ಟವಳು ಅವಳು. ಈ ವಯಸ್ಸಿನಲ್ಲಿ ಮೂರು ಒಲೆ ಉರಿಯುವುದನ್ನು ನೋಡಲು ಅವಳು ತಯಾರಿರಲಿಲ್ಲ.

ಬೆಳಗ್ಗೆ ಅವಳು ಒಬ್ಬಳೇ ಒಳಗೆ ಹೋದಳು. ಗೋಡೆ ಏಳುವ ಮೊದಲು ತುದಿಯ ಅಟ್ಟಗಳನ್ನಾದರೂ ಕಿತ್ತುಬಿಡೋಣ ಎಂದುಕೊಂಡಳು. ಸ್ಟೂಲು ಇರಲಿಲ್ಲ. ಹೊರಗಿನ ಇಟ್ಟಿಗೆ ತಂದು ಮೂರನೇ ಸಾಲಿನ ಮುಂದೆ ಜೋಡಿಸಿದಳು. ಹತ್ತಿದಳು. ನೋಡಿದಳು.

ಅಣಬೆ ಬಲಿತು ಕೊಡೆ ಬಿಚ್ಚಿಕೊಂಡಿತ್ತು. ಮಾರಲು ಬಾರದು. ಆದರೆ ಒಂದರ ಮೇಲೂ ಚುಕ್ಕೆ ಇರಲಿಲ್ಲ.

ಇಟ್ಟಿಗೆ ಹೊತ್ತು ಎರಡನೇ ಸಾಲಿಗೆ ಹೋದಳು. ತುದಿಯ ಅಟ್ಟದಲ್ಲಿ ಕಾಂಡ ನೆಟ್ಟಗಿತ್ತು. ಮೊದಲ ಸಾಲಿಗೆ ಹೋದಳು. ಮೊಗ್ಗುಗಳು ಮುತ್ತಿನ ಹಾಗೆ ದುಂಡಗಿದ್ದವು. ಗಂಟು ಒಂದೂ ಇಲ್ಲ.

ಇಟ್ಟಿಗೆಯ ಮೇಲೆ ನಿಂತೇ ಯೋಚಿಸಿದಳು. ಹುಳುವಿಗೆ ತಗುಲುವ ಒಂದೇ ರೋಗ ಎಳೆ ಹುಳುವಿನಲ್ಲಿ ಒಂದು ಥರ ಕಾಣುತ್ತದೆ, ಗೂಡು ಕಟ್ಟಲು ಹಣ್ಣಾಗುವ ಹುಳುವಿನಲ್ಲಿ ಇನ್ನೊಂದು ಥರ. ಇದೂ ಹಾಗೇ. ಮೊಗ್ಗಿನಲ್ಲೇ ಹಿಡಿದರೆ ಗಂಟು. ಅರ್ಧದಲ್ಲಿ ಹಿಡಿದರೆ ಸೀಳು. ಬೆಳೆದ ಮೇಲೆ ಹಿಡಿದರೆ ಚುಕ್ಕೆ. ರೋಗ ಒಂದೇ. ಮೂರು ಜಗಳ ಮಾಡಿದವರು ತಾವು.

ಮೇಲೂ ಅದೇ ಬೀಜ. ಅದೇ ನೀರು. ಅಲ್ಲಿಗೆ ಮುಟ್ಟದೆ ಇದ್ದದ್ದು ಒಂದೇ. ಅವಳು ಅಂಗೈ ತಿರುಗಿಸಿ ನೋಡಿಕೊಂಡಳು. ಉಗುರಿನ ಸಂದಿಯಲ್ಲಿ ಬೂದು ಬೂಷ್ಟು ಅಂಟಿತ್ತು.

ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವಳ ಕೈಗೆ ಇದ್ದ ಹೆಸರು ಉಳಿಯುತ್ತಿತ್ತು. ಗೋಡೆ ಏಳುತ್ತಿತ್ತು.

"ಲೋ ದ್ಯಾವ! ಚೌಡ! ಬನ್ರೋ ಇಲ್ಲಿ!"

"ಯಾಕಕ್ಕ, ನಿನ್ನ ಪಾಲಿನ ಇಟ್ಟಿಗೆ ಕಮ್ಮಿ ಬಿತ್ತಾ?" ಎನ್ನುತ್ತಾ ಚೌಡಪ್ಪ ಬಂದ. ಹಿಂದೆಯೇ ದ್ಯಾವಪ್ಪ.

"ಬಾಯಿ ಮುಚ್ಚಿಕೊಂಡು ಹತ್ತಿ ನೋಡು."

ಚೌಡಪ್ಪ ಹತ್ತಿದ. ಒಂದೊಂದೇ ಮೊಗ್ಗನ್ನು ಬಗ್ಗಿ ನೋಡಿದ.

"ಬೀಜ ಯಾರು ತಂದದ್ದು?"

"ಅಣ್ಣ."

"ನೀರು?"

"ನಾನೇ."

"ಅಲ್ಲಿಗೆ ಎಟುಕದ ಕೈ ಯಾರದ್ದು?"

ಇಬ್ಬರೂ ಅವಳ ಕೈ ನೋಡಿದರು.

"ನಂದು," ಎಂದಳು ಪಿಳ್ಳಮ್ಮ. "ಕೀಳೋ ನೆಪದಲ್ಲಿ ರೋಗಾನ ಮನೆಯೆಲ್ಲ ತಿರುಗಿಸಿದವಳು ನಾನು. ಬೀಜಾನ ಸುಮ್ಮನೆ ಬೈದೆ ಕಣೋ ದ್ಯಾವ."

ದ್ಯಾವಪ್ಪ ಕುತ್ತಿಗೆ ತುರಿಸಿಕೊಂಡ. "ಅದು ಬಂದದ್ದು ನಿನ್ನಿಂದ ಅಲ್ಲಕ್ಕ. ಮಣ್ಣು ಈ ಸಲ ಪೂರ್ತಿ ಬೇಯಲಿಲ್ಲ. ಸೌದೆ ಹಸಿ ಇತ್ತು. ರೋಗ ಎಲ್ಲೋ ಒಂದು ಮೂಲೇಲಿ ಉಳಿದುಕೊಂಡಿರಬೇಕು. ಹೇಳೋಕೆ ಬಾಯಿ ಬರಲಿಲ್ಲ."

ಚೌಡಪ್ಪ ಇಟ್ಟಿಗೆಯಿಂದ ಇಳಿದ. "ಗಂಟಿನ ಮೇಲೆ ಬಿದ್ದ ನೀರು ಪಕ್ಕಕ್ಕೆಲ್ಲ ಹಾರೋದು ನನ್ನ ಕಣ್ಣಿಗೂ ಬಿದ್ದಿತ್ತು. ನಿಮ್ಮ ಮೇಲಿನ ಸಿಟ್ಟಿಗೆ ಪೈಪು ಇನ್ನೂ ತಿರುಗಿಸಿದೆ."

"ಗೋಳಾಡಿದ್ದು ಸಾಕು," ಎಂದಳು ಪಿಳ್ಳಮ್ಮ. "ಚೌಡ, ನೀರು ನಿಲ್ಲಿಸು. ದ್ಯಾವ, ಉಪ್ಪಿನ ಮೂಟೆ ತಾ."

ಅವಳು ಸೀರೆ ಬದಲಿಸಿ, ಕೈ ಉಜ್ಜಿ ತೊಳೆದು ಬಂದಳು. ಬೀಜದವನು ಹೇಳಿ ಕಳಿಸಿದ್ದನ್ನೇ ಮಾಡಿದಳು. ಗಂಟಿನ ಮೇಲೆ ಒದ್ದೆ ಕಾಗದ ಮುಚ್ಚಿ, ಕಾಗದದ ಸಮೇತ ಬುಡದ ಮಣ್ಣನ್ನೂ ಎತ್ತಿದಳು. ಆ ಕುಳಿಗೆ ಉಪ್ಪು ತುಂಬಿದಳು. ಎತ್ತಿದ್ದನ್ನು ದ್ಯಾವಪ್ಪ ದೂರ ಒಯ್ದು ಸುಟ್ಟ. ಚೆನ್ನಾಗಿರುವ ಕಡೆಯಿಂದ ಶುರುಮಾಡಿ, ಕೆಟ್ಟ ಕಡೆಗೆ ಕೊನೆಯಲ್ಲಿ ಹೋದರು. ಒಮ್ಮೆ ಹೋದವರು ಕೈಕಾಲು ತೊಳೆಯದೆ ಹಿಂದಕ್ಕೆ ಬರಲಿಲ್ಲ. ಸೊಂಟ ಬಿದ್ದುಹೋಯಿತು. ಪಿಳ್ಳಮ್ಮ ನಿಲ್ಲಿಸಲಿಲ್ಲ. ಮೂರನೇ ಸಾಲಿನ ಕೆಳಗಿನ ಅಟ್ಟಗಳು ಉಳಿಯುವಂತಿರಲಿಲ್ಲ. ಒಳ್ಳೆಯ ಮಾಲೂ ಅದರಲ್ಲಿತ್ತು.

"ಇದನ್ನೂನಾ ಅಕ್ಕ?" ಎಂದ ಚೌಡಪ್ಪ.

"ಅದನ್ನೂ. ತೆಗಿ."

ಮೂರನೇ ಸಾಲಿನ ಕೆಳಗಿನ ಅಟ್ಟಗಳೆಲ್ಲ ಹೋದವು. ಎರಡನೇ ಸಾಲು ಅರ್ಧ ಉಳಿಯಿತು. ಮೊದಲನೆಯದರಲ್ಲಿ ಮುಂದಿನ ಮೊಗ್ಗುಗಳು ದುಂಡಗೆ ಬಂದವು. ಪೇಟೆಯವನು ಬುಟ್ಟಿ ವಾಪಸು ಕಳಿಸಲಿಲ್ಲ.

ಇಟ್ಟಿಗೆ ಮಾತ್ರ ಬಾಗಿಲಲ್ಲೇ ಬಿದ್ದಿತ್ತು. ಒಂದು ದಿನ ಪಿಳ್ಳಮ್ಮ ಗಾರೆ ಕಲಸಿಕೊಂಡು ಕೂತಳು. ಹೊಸ್ತಿಲ ಮುಂದೆ ಮೊಣಕಾಲಿಗಿಂತ ತಗ್ಗಾದ ಒಂದು ತೊಟ್ಟಿ ಕಟ್ಟಿದಳು. ಅದಕ್ಕೆ ಸುಣ್ಣದ ನೀರು ತುಂಬಿದಳು. ಒಳಗೆ ಹೋಗುವವರು ಅದರಲ್ಲಿ ಕಾಲಿಟ್ಟೇ ಹೋಗಬೇಕು. ಪಕ್ಕದಲ್ಲಿ ಕೈ ತೊಳೆಯಲು ಒಂದು ಕಟ್ಟೆ. ಉಳಿದ ಇಟ್ಟಿಗೆಯಲ್ಲಿ ತುದಿಯ ಅಟ್ಟಕ್ಕೆ ಹತ್ತಲು ಮೆಟ್ಟಿಲು.

ಚೌಡಪ್ಪ ನೋಡುತ್ತಾ ನಿಂತಿದ್ದ.

"ಅಕ್ಕ, ಇನ್ನು ಗೋಡೆಗೆ ಇಟ್ಟಿಗೆ ಸಾಲಲ್ಲ."

"ಸಾಲದೇ ಇರಲಿ," ಎಂದಳು ಪಿಳ್ಳಮ್ಮ. "ಕಾಲು ತೊಳೆದು ಒಳಗೆ ಬಾ."

ನೀತಿ: ಒಂದೇ ಕೇಡು ಹಲವು ಮುಖ ತೋರಿಸುತ್ತದೆ. ಮುಖಕ್ಕೊಬ್ಬರನ್ನು ಹಿಡಿದು ಬೈಯಬೇಡಿ. ಅದು ಬಂದ ದಾರಿ ಹುಡುಕಿ. ಹುಡುಕುವ ಮೊದಲು ನಿಮ್ಮ ಕೈ ನೋಡಿಕೊಳ್ಳಿ.