ಹುಂಜ ಕಲಿತ ಬೆಕ್ಕಿನ ನಿದ್ದೆ

ಸಾಕಮ್ಮನ ಹಿತ್ತಲಲ್ಲಿ ಒಂದು ಹುಂಜವಿತ್ತು. ಕತ್ತಲಾದರೆ ಮಲಗುವುದು, ಬೆಳಕು ಹರಿಯುವ ಮುಂಚೆ ಏಳುವುದು, ಎದ್ದೊಡನೆ ಕೂಗುವುದು ಅದರ ಕುಲಧರ್ಮ. ಅದೇ ಮನೆಯ ಬೆಕ್ಕೋ, ನಿದ್ದೆಯನ್ನು ತುಂಡು ತುಂಡು ಮಾಡಿಕೊಂಡು ಕುರುಕು ತಿಂಡಿಯ ಹಾಗೆ ದಿನವಿಡೀ ಸವಿಯುತ್ತಿತ್ತು.

"ಬೆಕ್ಕಕ್ಕ, ಯಾವಾಗ ನೋಡಿದರೂ ಎಷ್ಟು ಲವಲವಿಕೆಯಿಂದ ಇರುತ್ತೀಯೆ! ನನಗೂ ಆ ವಿದ್ಯೆ ಕಲಿಸು," ಎಂದಿತು ಹುಂಜ.

"ಅದೇನು ಮಹಾ ವಿದ್ಯೆ, ಹುಂಜಣ್ಣ? ಬಿಸಿಲು ಕಂಡಲ್ಲಿ ಒರಗು, ಸಾಕೆನಿಸಿದಾಗ ಏಳು."

ಹುಂಜ ಒರಗಿತು, ಎದ್ದಿತು. ಎದ್ದ ಮೇಲೆ ಕೂಗದೆ ಇದ್ದೀತೇ? ಊಟ ಮುಗಿಸಿ ಅಡ್ಡಾಗಿದ್ದ ಸಾಕಮ್ಮ ಬೆಳಗಾಯಿತೆಂದು ದಡಬಡಿಸಿ ಎದ್ದು, ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟಳು. ಹುಂಜ ಮತ್ತೆ ಒರಗಿತು, ಮತ್ತೆ ಕೂಗಿತು. ಬೀದಿಯವರೆಲ್ಲ ನಕ್ಕರು.

"ಇನ್ನೊಂದು ಸಲ ಹೊತ್ತಲ್ಲದ ಹೊತ್ತಲ್ಲಿ ಕೂಗಲಿ, ನಾಳೆ ಸಾರಿಗೆ ಹಾಕುತ್ತೇನೆ!" ಎಂದು ಸಾಕಮ್ಮ ಮಸಾಲೆ ಅರೆಯಲು ಕೂತೇಬಿಟ್ಟಳು.

ಹುಂಜ ಬೆಕ್ಕಿನ ಬಳಿಗೆ ಓಡಿತು. "ಅಕ್ಕ, ಕೂಗದೆ ಏಳುವುದು ಹೇಗೆ?"

"ನಾನು ಏಳುವುದು ನನ್ನೊಬ್ಬಳಿಗಾಗಿ, ಮಾರಾಯ. ನೀನು ಎದ್ದರೆ ಊರೇ ಏಳುತ್ತದೆ. ಹೋಗು, ರಾತ್ರಿ ಪೂರ್ತಿ ಮಲಗು."

ಹುಂಜ ರೆಕ್ಕೆಯೊಳಗೆ ಕೊಕ್ಕು ಹುದುಗಿಸಿ ಹಾಯಾಗಿ ಮಲಗಿತು. ಬೆಳಗಿನ ಜಾವ ಎದೆಯುಬ್ಬಿಸಿ ಕೂಗಿತು ನೋಡಿ! ಸಾಕಮ್ಮ ನಗುತ್ತಾ ಎದ್ದು ಅದಕ್ಕೊಂದು ಹಿಡಿ ರಾಗಿ ಎರಚಿದಳು, ಹಾಲು ಕಾಯಿಸಿದಳು. ಬೆಕ್ಕು ತನ್ನ ಪಾಲು ಕುಡಿದು, "ಭಲೇ ಹುಂಜಣ್ಣ!" ಎಂದು ಮೈಮುರಿದು ಮತ್ತೆ ಮಲಗಿತು.

ಅರೆದಿಟ್ಟ ಮಸಾಲೆಗೆ ಬದನೆಕಾಯಿ ಬಿತ್ತು.