ಸಾಹೇಬರ ಸೂಟ್‌ಕೇಸು

ನಮ್ಮ ಹೊಸ ವಿಮಾನ ನಿಲ್ದಾಣದ ಉದ್ಘಾಟನೆಗೆ ಎಂಟೇ ದಿನ ಉಳಿದಿತ್ತು. ನಾನು ಅಲ್ಲಿ ಲಗೇಜು ವಿಭಾಗದ ಗುಮಾಸ್ತ. ನಾನೂರು ಜನರನ್ನು ಪ್ರಯಾಣಿಕರಂತೆ ಕರೆಸಿ, ಕೈಗೆ ಬ್ಯಾಗು ಕೊಟ್ಟು, ಎಲ್ಲವನ್ನೂ ಒಮ್ಮೆ ನಡೆಸಿ ನೋಡೋಣ ಎಂದು ಮೂರು ಸಲ ಟಿಪ್ಪಣಿ ಬರೆದಿದ್ದೆ. ಮೂರು ಸಲವೂ ವಾಪಸು ಬಂದಿತ್ತು.

ಆ ದಿನ ಮುಖ್ಯಾಧಿಕಾರಿ ನಂಜರಾಜಯ್ಯನವರು ಸಿದ್ಧತಾ ಪತ್ರ ಹಿಡಿದು ತಾವೇ ಬಂದರು.

“ಎಲ್ಲ ಸಿದ್ಧ ಅಂತ ಸಹಿ ಹಾಕ್ರಿ. ಯಂತ್ರಕ್ಕೆ ಪೂಜೆ ಆಗಿದೆ, ಬೂದುಗುಂಬಳ ಒಡೆದಾಗಿದೆ. ಇನ್ನೆಂಥ ಪರೀಕ್ಷೆ?”

ನನಗೆ ತಲೆ ಕೆಟ್ಟುಹೋಯಿತು. ಲಗೇಜು ಸಾಗಿಸುವ ಬೆಲ್ಟಿನ ಮುಂದೆ ಬೂದುಗುಂಬಳ ಒಡೆದಿದ್ದರು, ನಿಜ. ಬೆಲ್ಟಿನ ಮೇಲೆ ಇನ್ನೂ ಒಂದು ಚೀಲವೂ ಹೋಗಿರಲಿಲ್ಲ.

“ಹಾಕ್ತೀನಿ ಸಾರ್. ಮೊದಲ ಬ್ಯಾಗು ನಿಮ್ಮ ಕೈಯಿಂದಲೇ ಹೋಗಲಿ,” ಎಂದೆ.

ಅವರು ಹಿಗ್ಗಿದರು. ಸಂಜೆಯ ರೈಲಿಗೆ ಹೊರಟಿದ್ದವರು ತಮ್ಮ ಸೂಟ್‌ಕೇಸನ್ನೇ ಬೆಲ್ಟಿನ ಮೇಲಿಟ್ಟು ಕೈಮುಗಿದರು. ಅದು ರಬ್ಬರ್ ಪರದೆಯೊಳಗೆ ಹೋಯಿತು. ಆಚೆ ಕಡೆ ಬರಲಿಲ್ಲ.

ಹತ್ತು ನಿಮಿಷ ಕಾದರು. ಆಮೇಲೆ ಪರದೆಯೊಳಗೆ ತಲೆ ಹಾಕಿ ನೋಡಿದರು. ಬಿ.ಪಿ. ಮಾತ್ರೆ, ಕನ್ನಡಕ, ಉದ್ಘಾಟನೆಯ ಭಾಷಣ, ಎಲ್ಲ ಅದರಲ್ಲೇ ಇತ್ತಂತೆ. ಯಾರನ್ನು ಕೇಳಬೇಕೆಂದು ಅಲ್ಲಿದ್ದ ಒಬ್ಬರಿಗೂ ಗೊತ್ತಿರಲಿಲ್ಲ. ಸಾಹೇಬರು ಕೌಂಟರಿನಿಂದ ಕೌಂಟರಿಗೆ ಅಲೆದರು. ಮೂರು ತಾಸು ಕಳೆದ ಮೇಲೆ ಸೂಟ್‌ಕೇಸು ಸರಕು ಗೋದಾಮಿನಲ್ಲಿ ಸಿಕ್ಕಿತು. ಅಷ್ಟರಲ್ಲಿ ರೈಲು ಹೋಗಿತ್ತು.

ನಾನು ಸಿದ್ಧತಾ ಪತ್ರ ಬಿಡಿಸಿ, “ಸಹಿ ಎಲ್ಲಿ ಹಾಕಲಿ ಸಾರ್?” ಎಂದೆ.

ಅವರು ಅದನ್ನು ಕಿತ್ತುಕೊಂಡು ಮಡಚಿ ಜೇಬಿಗಿಟ್ಟರು. “ಪರೀಕ್ಷೆಗೆ ಎಷ್ಟು ಜನ ಬೇಕು ಅಂದಿದ್ರಿ?”

“ನಾನೂರು ಅಂತ ಬರೆದಿದ್ದೆ ಸಾರ್. ನೀವೊಬ್ರೇ ಸಾಕಾಯ್ತು.”